ನವನಗರದ ಉದ್ಯಾನಕ್ಕೆ ಶಿಲ್ಪ ಆರಿಸಿದ ಬಗೆ: ಬಾಗಲಕೋಟೆಯ ಒಂದು ಅನುಭವ

ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನ ಉದ್ಯಾನದಲ್ಲಿ ಕಲ್ಲಿನ ಶಿಲ್ಪವೊಂದನ್ನು ನಿಲ್ಲಿಸುವ ಕೆಲಸ ಈ ಸಲದ ಹೋಳಿಗೆ ಸ್ವಲ್ಪ ಮೊದಲು ಮುಗಿಯಿತು. ಆರಂಭದಿಂದ ಲೆಕ್ಕ ಹಾಕಿದರೆ ಸುಮಾರು ಎರಡು ವರ್ಷ ಹಿಡಿದಿದೆ. ಕಲ್ಲು ಕೆತ್ತುವುದಕ್ಕೆ ಹೋದ ಕಾಲ ಅದರಲ್ಲಿ ಕಡಿಮೆ; ಏನನ್ನು ಕೆತ್ತಿಸಬೇಕು ಎಂಬುದನ್ನು ನಿವಾಸಿಗಳೆಲ್ಲ ಕೂಡಿ ತೀರ್ಮಾನಿಸುವುದಕ್ಕೆ, ಆ ತೀರ್ಮಾನವನ್ನು ಕಡತದಲ್ಲಿ ನಿಲ್ಲುವಂತೆ ಮಾಡುವುದಕ್ಕೆ ಹೋದ ಕಾಲವೇ ಹೆಚ್ಚು. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಈ ಓಡಾಟವನ್ನೆಲ್ಲ ನಾನು ಮಾಡಿದ್ದರಿಂದಲೂ, ಬೇರೆ ಸೆಕ್ಟರಿನವರು, ಮುಧೋಳ ಮತ್ತು ಜಮಖಂಡಿಯ ಕೆಲವರು ಇದೇ ಕೆಲಸಕ್ಕೆ ಕೈಹಾಕಲು ಹೊರಟು ನನ್ನನ್ನು ವಿಚಾರಿಸುತ್ತಿರುವುದರಿಂದಲೂ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಹೊರಗಿನ ಓದುಗರಿಗೆ ನಮ್ಮ ಊರಿನ ಸ್ಥಿತಿಯನ್ನು ಮೊದಲು ಹೇಳಬೇಕು. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಒತ್ತಿ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳನ್ನು ನುಂಗಿದ್ದರಿಂದ, ಅಲ್ಲಿಂದ ಎದ್ದು ಬಂದವರಿಗಾಗಿ ಕಟ್ಟಿದ ಊರು ನವನಗರ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್ ಎಂಬ ಅಂಕಿ ಇಲ್ಲಿನ ಹಿರಿಯರಿಗೆ ಬಾಯಿಪಾಠ, ಏಕೆಂದರೆ ಯಾರ ಮನೆ ಉಳಿಯುತ್ತದೆ, ಯಾರ ಮನೆ ಹೋಗುತ್ತದೆ ಎಂಬುದನ್ನು ಮೀಟರಿನ ಲೆಕ್ಕವೇ ನಿರ್ಧರಿಸಿತ್ತು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಹೇಳಿಕೊಳ್ಳುತ್ತಿದ್ದವರು ಇಲ್ಲಿಗೆ ಬಂದ ಮೇಲೆ ಸೆಕ್ಟರಿನ ಸಂಖ್ಯೆ ಹೇಳುವುದನ್ನು ರೂಢಿಸಿಕೊಂಡರು. ಇಂಥ ಊರಿನ ಉದ್ಯಾನದಲ್ಲಿ ಏನನ್ನಾದರೂ ಶಾಶ್ವತವಾಗಿ ನಿಲ್ಲಿಸುವುದೆಂದರೆ ಅದು ಅಲಂಕಾರದ ಮಾತಾಗಿ ಉಳಿಯುವುದಿಲ್ಲ ಎಂಬುದು ನಮಗೆ ಬೇಗನೇ ತಿಳಿಯಿತು.

ಕೆಲಸ ಶುರುವಾದದ್ದು ಹಣದಿಂದ. ಜಿಲ್ಲೆಯ ಕಂಪನಿಯೊಂದು ತನ್ನ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ, ಅಂದರೆ ಎಲ್ಲರೂ ಸಿಎಸ್‌ಆರ್ ಎಂದು ಕರೆಯುವ ಹಣದಿಂದ, ಉದ್ಯಾನಕ್ಕೆ ಏನಾದರೂ ಮಾಡಿಕೊಡುವುದಾಗಿ ಮುಂದೆ ಬಂದಿತು. ಅವರೊಂದಿಗೆ ಬಂದ ಸರಬರಾಜುದಾರರು ಬಣ್ಣದ ಮೂರು ಚಿತ್ರಗಳನ್ನು ತಂದಿದ್ದರು: ಫೈಬರಿನ ಜಿಂಕೆಗಳು, ಅಣಬೆಯಾಕಾರದ ಕೊಡೆ, ಊರಿನ ಹೆಸರಿನ ದೊಡ್ಡ ಅಕ್ಷರಗಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಕರೆದ ಸಭೆಗೆ ಬಂದವರು ಬಹುಪಾಲು ನಿವೃತ್ತರಾದ ಗಂಡಸರು. ಮೂರರಲ್ಲಿ ಯಾವುದು ಬೇಕು ಎಂದು ಕೇಳಿದಾಗ ಸಭೆ ಮೌನವಾಯಿತು. ಕೊನೆಗೆ ಹಿರಿಯರೊಬ್ಬರು "ಯಾವದಾದ್ರೂ ಹಾಕ್ರಿ, ಚಲೋ ಆದ್ರ ಸಾಕು" ಎಂದರು. ಅಂದಿನ ನಡಾವಳಿ ಪುಸ್ತಕದಲ್ಲಿ ಅದಕ್ಕಿಂತ ಹೆಚ್ಚು ಬರೆಯಲು ಏನೂ ಇರಲಿಲ್ಲ. ಚಿತ್ರವನ್ನು ಮುಂದಿಟ್ಟು ಅಭಿಪ್ರಾಯ ಕೇಳಿದರೆ ಜನ ಚಿತ್ರದ ಬಗ್ಗೆ ಮಾತ್ರ ಯೋಚಿಸುತ್ತಾರೆ, ತಮ್ಮ ಬಗ್ಗೆ ಯೋಚಿಸುವುದಿಲ್ಲ. ಈ ಎರಡು ವರ್ಷಗಳಲ್ಲಿ ನನಗೆ ಖಚಿತವಾದ ಸಂಗತಿ ಇದೊಂದೇ, ಮುಂದಿನದೆಲ್ಲ ಇದರಿಂದಲೇ ಹೊರಟಿತು.

ಕಂಪನಿಯವರಲ್ಲಿ ಕಾಲಾವಕಾಶ ಕೇಳಿದೆವು. ಮಾರ್ಚ್ 31ರೊಳಗೆ ಹಣ ಖರ್ಚಾಗಲೇಬೇಕೆಂದು ಅವರು ಅವಸರಪಡುತ್ತಿದ್ದರು. ಇಲ್ಲಿ ಮುಂದಿನವರಿಗೆ ಒಂದು ಉಪಯುಕ್ತ ಮಾತಿದೆ. ಕಂಪನಿಗಳ ಅಧಿನಿಯಮ, 2013ರ 135ನೆಯ ಕಲಮಿನ ಪ್ರಕಾರ, ಕೆಲಸವನ್ನು ಮುಂದುವರಿಯುವ ಯೋಜನೆ ಎಂದು ಕಂಪನಿಯ ಮಂಡಳಿ ಅಂಗೀಕರಿಸಿದ್ದರೆ, ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ವರ್ಗಾಯಿಸಿ ಮೂರು ಆರ್ಥಿಕ ವರ್ಷಗಳೊಳಗೆ ಬಳಸಬಹುದು. ದಾನಿಗಳು ತಾವಾಗಿಯೇ ಇದನ್ನು ಹೇಳುವುದು ಅಪರೂಪ. ಮೊದಲ ಭೇಟಿಯಲ್ಲಿಯೇ ನೀವು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಆ ಒಂದು ಪತ್ರ ಇಲ್ಲದಿದ್ದರೆ ನಮ್ಮ ಉದ್ಯಾನದಲ್ಲಿ ಇಂದು ಫೈಬರ್ ಜಿಂಕೆಗಳು ನಿಂತಿರುತ್ತಿದ್ದವು.

ಕಾಲ ಸಿಕ್ಕ ಮೇಲೆ ಸಭೆ ಕರೆಯುವುದನ್ನು ನಿಲ್ಲಿಸಿ, ಜನ ಕೂಡುವ ಹೊತ್ತಿಗೆ ನಾವೇ ಉದ್ಯಾನಕ್ಕೆ ಹೋದೆವು. ನಸುಕಿನಲ್ಲಿ ಗುಡಿಸಲು ಬರುವ ಪೌರಕಾರ್ಮಿಕ ಮಹಿಳೆಯರು, ಆಮೇಲೆ ನಡೆಯಲು ಬರುವವರು, ಮಧ್ಯಾಹ್ನ ಬೇವಿನ ಮರದಡಿ ಮಲಗುವ ಹಮಾಲರು, ಸಂಜೆ ಮಕ್ಕಳು ಮತ್ತು ತಾಯಂದಿರು, ಗೇಟಿನ ಹತ್ತಿರ ಗಿರಮಿಟ್ಟು ಮತ್ತು ಮೆಣಸಿನಕಾಯಿ ಭಜಿ ಮಾರುವವರು: ಇವರಲ್ಲಿ ಒಬ್ಬರೂ ಆ ಭಾನುವಾರದ ಸಭೆಯಲ್ಲಿ ಇರಲಿಲ್ಲ. ಚಿತ್ರ ಯಾವುದನ್ನೂ ತೋರಿಸದೆ ಎರಡೇ ಪ್ರಶ್ನೆ ಕೇಳಿದೆವು. ಇಲ್ಲಿ ಬಂದಾಗ ನೀವು ಎಲ್ಲಿ ಕೂಡುತ್ತೀರಿ? ಹಳೆಯ ಊರಿನಿಂದ ಇಲ್ಲಿಗೆ ತರಲಿಕ್ಕಾಗದೆ ಉಳಿದದ್ದು ಯಾವುದು?

ಎರಡನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಬರೆದುಕೊಳ್ಳಲು ತಂದಿದ್ದ ನೂರು ಪುಟದ ವಹಿ ಸಾಕಾಗಲಿಲ್ಲ. ಮನೆ ಮುಂದಿನ ಕಟ್ಟೆ, ಓಣಿಯ ಬಾವಿ, ಹೋಳಿಯಲ್ಲಿ ಬಾರಿಸುವ ಹಲಗೆ ಎಂಬ ಚರ್ಮವಾದ್ಯದ ಸಪ್ಪಳ, ಬಣ್ಣದ ಬಂಡಿ ಹಾಯುತ್ತಿದ್ದ ಇಕ್ಕಟ್ಟಾದ ಓಣಿ ಎಂದು ಒಬ್ಬೊಬ್ಬರದು ಒಂದೊಂದು. ಜೈನಪೇಟೆಯಿಂದ ಬಂದ ಅಜ್ಜಿಯೊಬ್ಬರು ತಮ್ಮ ಕೈಯನ್ನು ಮೊಣಕಾಲಿನ ಕೆಳಗೆ ಅಡ್ಡವಾಗಿ ಹಿಡಿದು ಎತ್ತರ ತೋರಿಸುತ್ತ ಹೇಳಿದರು: "ಬಾಗಲಾ ಕಿತಗೊಂಡ ಬಂದ್ವಿ ರೀ ಅಕ್ಕಾರ. ಹೊಸ್ತಿಲಾ ಬಿಟ್ಟ ಬಂದ್ವಿ. ಕಲ್ಲಿಂದಿತ್ತು, ಏಳಲಿಲ್ಲ." ಅವರ ಪಕ್ಕದಲ್ಲಿ ಕುಳಿತಿದ್ದವರೂ ತಮ್ಮ ತಮ್ಮ ಹೊಸ್ತಿಲಿನ ಎತ್ತರವನ್ನು ಕೈಯಲ್ಲಿ ತೋರಿಸತೊಡಗಿದರು. ಅಂದು ವಹಿಯಲ್ಲಿ ಬರೆಯುವಾಗ ನನ್ನ ಕಣ್ಣು ತುಂಬಿ ಬಂದಿತ್ತು, ಏಕೆಂದರೆ ನಮ್ಮ ತಂದೆಯವರೂ ಹಳಪೇಟೆಯ ಮನೆಯ ತಲೆಬಾಗಿಲನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದು, ಹೊಸ ಮನೆಯ ಅಳತೆಗೆ ಅದು ಕೂಡದೆ ಹಿತ್ತಲಲ್ಲಿ ಒರಗಿಸಿಟ್ಟಿದ್ದರು.

ಪೌರಕಾರ್ಮಿಕರ ಉತ್ತರ ಬೇರೆಯಾಗಿತ್ತು. ಬುತ್ತಿ ಬಿಚ್ಚಿ ಕೂಡಲು ಸ್ವಚ್ಛ ಜಾಗ ಬೇಕು, ಮತ್ತು ಏನೇ ಕಟ್ಟಿದರೂ ಕಸಬರಿಗೆ ಹೋಗದಂಥ ಸಂದಿ ಇರಬಾರದು ಎಂದರು. ಮಕ್ಕಳು ಹತ್ತಲಿಕ್ಕೆ ಬರುವಂಥದ್ದು ಬೇಕೆಂದರು. ಮಾಲಿ ನೀರಿನ ಪೈಪು ನೆಲದಡಿ ಎಲ್ಲೆಲ್ಲಿ ಹಾಯ್ದಿದೆ ಎಂದು ಕಾಲಿನಿಂದ ಗೆರೆ ಎಳೆದು ತೋರಿಸಿದರು. ಆ ಗೆರೆಗಳು ಯಾವ ನಕ್ಷೆಯಲ್ಲಿಯೂ ಇರಲಿಲ್ಲ.

ಈ ಉತ್ತರಗಳನ್ನೆಲ್ಲ ಒಂದೇ ಪುಟಕ್ಕೆ ಇಳಿಸಿ ಕಲಾವಿದರಿಗೆ ಕರೆ ಪತ್ರ ಸಿದ್ಧಪಡಿಸಿದೆವು. ಜಾಗದ ಅಳತೆ, ಒಟ್ಟು ಹಣದ ಮಿತಿ, ಜನ ಹೇಳಿದ್ದರ ಸಾರ, ದೇವರ ಮೂರ್ತಿಯಾಗಲಿ ವ್ಯಕ್ತಿಗಳ ಪ್ರತಿಮೆಯಾಗಲಿ ಇರಬಾರದೆಂಬ ಷರತ್ತು ಅದರಲ್ಲಿದ್ದವು. ಪತ್ರವನ್ನು ಕರ್ನಾಟಕ ಶಿಲ್ಪಕಲಾ ಅಕಾಡೆಮಿಗೂ ಸುತ್ತಲಿನ ಚಿತ್ರಕಲಾ ಶಾಲೆಗಳಿಗೂ ಕಳುಹಿಸಿದೆವು. ಬಂದವುಗಳಲ್ಲಿ ಮೂರನ್ನು ಆರಿಸಿ, ಹತ್ತರಲ್ಲಿ ಒಂದು ಅಳತೆಯ ಮಾದರಿ ಮಾಡಲು ತಲಾ 15,000 ರೂಪಾಯಿ ಗೌರವಧನ ಕೊಟ್ಟೆವು. ಆಯ್ಕೆಯಾಗದವರಿಗೂ ಈ ಹಣ ಸಲ್ಲಬೇಕು ಎಂಬ ವಿಷಯದಲ್ಲಿ ನಾನು ಪಟ್ಟು ಹಿಡಿದೆ. ಬಿಟ್ಟಿಯಾಗಿ ಮಾದರಿ ಮಾಡಿಸಿಕೊಂಡರೆ, ತಯಾರಾದ ಅಚ್ಚುಗಳನ್ನು ಇಟ್ಟುಕೊಂಡಿರುವ ವ್ಯಾಪಾರಿಗಳು ಮಾತ್ರ ಸ್ಪರ್ಧೆಗೆ ಉಳಿಯುತ್ತಾರೆ.

ಮೂರು ಮಾದರಿಗಳನ್ನು ಬೇವಿನ ಮರದಡಿ ಒಂದು ವಾರ ಇಟ್ಟೆವು. ಒಂದು, ತಟ್ಟಿದರೆ ಸಪ್ಪಳ ಬರುವ ಲೋಹದ ಹಲಗೆಗಳ ಗುಂಪು. ಇನ್ನೊಂದು, ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ಹೆಂಚಿನ ಚೂರುಗಳಲ್ಲಿ ಮೂಡಿಸುವ ಗೋಡೆ. ಮೂರನೆಯದು, ಬಾದಾಮಿ ಕಡೆಯ ಯುವ ಶಿಲ್ಪಿಯೊಬ್ಬರದು: ಬೇರೆ ಬೇರೆ ಎತ್ತರದ ಐದು ಕಲ್ಲಿನ ಬಾಗಿಲ ಚೌಕಟ್ಟುಗಳು, ಅವುಗಳ ನಡುವೆ ಬಾಗುತ್ತ ಸಾಗುವ ಉದ್ದನೆಯ ಒಂದು ಕಟ್ಟೆ. ಪ್ರತಿ ಮಾದರಿಯ ಮುಂದೆ ಬಾಯಿ ಮುಚ್ಚಿ ಸೀಳು ಮಾತ್ರ ಬಿಟ್ಟ ಮಣ್ಣಿನ ಗಡಿಗೆ ಇಟ್ಟು, ಹೆಸರು ಬರೆಸಿದವರಿಗೆಲ್ಲ ಒಂದೊಂದು ಹುಣಸೆ ಬೀಜ ಕೊಟ್ಟೆವು. ಓದು ಬಾರದವರೂ ಯಾರ ಸಹಾಯವಿಲ್ಲದೆ ಮತ ಹಾಕಿದರು. ಬೀಜ ಎಣಿಸುವಾಗ ಮೂರೂ ಕಲಾವಿದರನ್ನು, ದಾನಿ ಕಂಪನಿಯ ಪ್ರತಿನಿಧಿಯನ್ನು ಎದುರಿಗೆ ಕೂಡಿಸಿಕೊಂಡು ಪಂಚನಾಮೆ ಮಾಡಿ ಸಹಿ ಮಾಡಿಸಿದೆವು; ಮುಂದೆ ಆಕ್ಷೇಪಗಳು ಬಂದಾಗ ನಮ್ಮನ್ನು ಕಾಪಾಡಿದ್ದು ಆ ಪಂಚನಾಮೆಯೇ. ದೊಡ್ಡವರ ಗಡಿಗೆಗಳಲ್ಲಿ ಬಾಗಿಲುಗಳು ಬಹಳ ಮುಂದಿದ್ದವು. ಮಕ್ಕಳಿಗೆಂದು ಬೇರೆಯಾಗಿ ಇಟ್ಟ ಗಡಿಗೆಗಳಲ್ಲಿ ಹಲಗೆ ಗೆದ್ದಿತ್ತು. ಶಿಲ್ಪಿ ಎರಡನ್ನೂ ಗಮನಿಸಿ, ಕಟ್ಟೆಯನ್ನು ಮಕ್ಕಳು ಹತ್ತಿ ಇಳಿಯುವಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಸಿ, ಒಂದು ಚೌಕಟ್ಟಿನ ಅಡ್ಡಗಲ್ಲಿನ ಮೇಲೆ ಹಲಗೆ ಬಾರಿಸುವವರ ಸಾಲನ್ನು ಕೆತ್ತುವುದಾಗಿ ಒಪ್ಪಿದರು. ಹೊಸ್ತಿಲಿನ ವಿಷಯದಲ್ಲಿ ಬಹಳ ಚರ್ಚೆಯಾಯಿತು. ಎತ್ತರದ ಹೊಸ್ತಿಲು ಬೇಕೆಂದವರು ಅದೇ ಅಜ್ಜಿಯರು, ಎಡವಿ ಬೀಳುವ ಭಯವಿದ್ದವರೂ ಅವರೇ. ಗಾಲಿಕುರ್ಚಿ ದಾಟಬೇಕೆಂಬ ಮಾತೂ ಇತ್ತು. ಕೊನೆಗೆ ಹೊಸ್ತಿಲನ್ನು ನೆಲಕ್ಕೆ ಸಮವಾಗಿ, ಬೇರೆ ಬಣ್ಣದ ಕಲ್ಲಿನಲ್ಲಿ ಹಾಕುವುದೆಂದು ನಿರ್ಧಾರವಾಯಿತು.

ಫಲಿತಾಂಶವನ್ನು ಗೇಟಿಗೆ ಅಂಟಿಸಿದ ಮೇಲೆ ಆಕ್ಷೇಪಗಳು ಬಂದವು. ಮನೆಯಿಲ್ಲದ ಬಾಗಿಲು ಅಪಶಕುನ ಎಂದು ಕೆಲವರು ನೊಂದುಕೊಂಡರು. ಅವರ ಮನೆಗಳಿಗೇ ಹೋಗಿ ಮಾತಾಡಿದೆವು. ಅವರ ಮನಸ್ಸು ಕೊಂಚ ಹಗುರವಾದದ್ದು, ಪ್ರತಿ ಚೌಕಟ್ಟಿನ ಮೇಲೂ ಒಂದೊಂದು ಪೇಟೆಯ ಹೆಸರು ಇರುತ್ತದೆ, ಅವು ಊರಿನ ಬಾಗಿಲುಗಳು ಎಂದು ಶಿಲ್ಪಿ ವಿವರಿಸಿದಾಗ. ಇದೇ ಹಣದಲ್ಲಿ ಉದ್ಯಾನದ ಶೌಚಾಲಯ ದುರಸ್ತಿ ಮಾಡಿಸಬಾರದೇಕೆ ಎಂದು ಕೇಳಿ ಮಹಿಳೆಯರ ಗುಂಪೊಂದು ಮನವಿ ಕೊಟ್ಟಿತು. ಆ ಬೇಡಿಕೆ ಪೂರ್ತಿ ನ್ಯಾಯವಾದದ್ದೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಕಂಪನಿ ಹಣದ ಉದ್ದೇಶ ಬದಲಿಸಲು ಒಪ್ಪಲಿಲ್ಲ. ಆದರೆ ಉದ್ಯಾನದ ಆಡಳಿತಕ್ಕೆ ಬರೆದ ನಮ್ಮ ಅರ್ಜಿಯಲ್ಲಿ ಶೌಚಾಲಯದ ದುರಸ್ತಿಯನ್ನು ಮೊದಲ ಬೇಡಿಕೆಯಾಗಿ ಸೇರಿಸಿದೆವು, ಅದು ಶಿಲ್ಪಕ್ಕಿಂತ ಮೊದಲೇ ಆಯಿತು.

ಇನ್ನು ಅನುಮತಿಯ ಕಡತ. ಸಂಘದ ಠರಾವಿನ ಪ್ರತಿ, ಮಂಜೂರಾದ ಬಡಾವಣೆ ನಕ್ಷೆ, ಜಾಗದ ಅಳತೆ ನಕ್ಷೆ, ಮಾದರಿಯ ಫೋಟೋಗಳು, ಅಂದಾಜು ಪಟ್ಟಿ, ಸ್ಟ್ರಕ್ಚರಲ್ ಇಂಜಿನಿಯರರ ಪ್ರಮಾಣಪತ್ರ, ಮತದಾನದ ಪಂಚನಾಮೆ, ನಿರ್ವಹಣೆಯ ಒಪ್ಪಿಗೆ ಪತ್ರ: ಇಷ್ಟನ್ನೂ ಒಟ್ಟಿಗೆ ಜೋಡಿಸಿ ಉದ್ಯಾನದ ಆಡಳಿತ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಪ್ರತಿ ಪುಟಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಕ್ಷೆ ಕೈಗೆ ಸಿಗದೆ ಕಡೆಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ತೆಗೆಸಿದೆವು. 30 ದಿನಗಳ ಗಡುವು ಇರುವುದರಿಂದ, ನಕ್ಷೆಯ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕುವುದು ಲೇಸು.

ಕಡತ ಕಾನೂನು ಅಭಿಪ್ರಾಯಕ್ಕೆ ಹೋಗಿ ಅಲ್ಲಿಯೇ ನಿಂತಿತು. ಕಾರಣ, ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತಿತರ ಸಾರ್ವಜನಿಕ ಉಪಯೋಗದ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪಿಸಲು, ಕಟ್ಟಡ ಕಟ್ಟಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ನೀಡಿದ ಆದೇಶ. ಅದರ ಜೊತೆಗೆ, ಉದ್ಯಾನಗಳ ಸಂರಕ್ಷಣೆಗಾಗಿಯೇ ಇರುವ ರಾಜ್ಯದ 1985ರ ಅಧಿನಿಯಮ. ಈ ಎರಡೂ ನಮ್ಮಂಥ ಸಾಮಾನ್ಯರನ್ನು ಪೀಡಿಸಲು ಇರುವವಲ್ಲ. ಉದ್ಯಾನವನ್ನು ಕಬಳಿಸುವವರಿಂದ ಅದನ್ನು ಉಳಿಸಲು ಇರುವವು. ಆದ್ದರಿಂದ ವಾದಕ್ಕೆ ಇಳಿಯದೆ, ಇದು ಯಾವ ವ್ಯಕ್ತಿಯ ಪ್ರತಿಮೆಯೂ ಅಲ್ಲ, ಕೂಡಲು ಬಳಕೆಯಾಗುವ ಕಟ್ಟೆ, ಈಗಾಗಲೇ ಫರಸಿ ಹಾಕಿರುವ ವೃತ್ತದೊಳಗೇ ಇರುವುದರಿಂದ ಒಂದು ಅಡಿ ಹುಲ್ಲಾಗಲಿ ಒಂದು ಮರವಾಗಲಿ ಹೋಗುವುದಿಲ್ಲ, ದಾರಿಗೆ ಅಡ್ಡಿಯಿಲ್ಲ ಎಂಬುದನ್ನು ನಕ್ಷೆಯ ಮೇಲೆ ಗುರುತು ಮಾಡಿ ಕೊಟ್ಟೆವು. ನಡುವೆ ಚುನಾವಣೆಯ ನೀತಿ ಸಂಹಿತೆ ಬಂತು, ಕಡತ ನೋಡುತ್ತಿದ್ದ ಅಧಿಕಾರಿ ವರ್ಗವಾದರು, ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಸಂತೆಗೆ ಹೋದರೆ "ಏನಾತ್ರೀ ಅಕ್ಕಾರ, ನಮ್ಮ ಬಾಗಲಾ?" ಎಂದು ಕೇಳುತ್ತಿದ್ದರು. ಬೀಜ ಹಾಕಿದವರಿಗೆ ಉತ್ತರ ಕೊಡಲಾಗದ ಆ ತಿಂಗಳುಗಳು ನನಗೆ ಎಲ್ಲಕ್ಕಿಂತ ಭಾರವಾಗಿದ್ದವು. ಆಮೇಲೆ ಗೇಟಿನ ಫಲಕದಲ್ಲಿ ಪ್ರತಿ ತಿಂಗಳು ಕಡತ ಎಲ್ಲಿದೆ ಎಂಬುದನ್ನು ಎರಡು ಸಾಲಿನಲ್ಲಿ ಬರೆದು ಹಾಕತೊಡಗಿದೆವು. ಏನೂ ನಡೆಯದ ತಿಂಗಳಿನಲ್ಲಿ ಏನೂ ನಡೆದಿಲ್ಲ ಎಂದೇ ಬರೆದೆವು, ಜನ ಅದನ್ನು ಓದಿ ಸಮಾಧಾನದಿಂದ ಕಾದರು.

ಅನುಮತಿ ಬಂದ ಮೇಲೆ ಹಣದ ದಾರಿಯಲ್ಲಿ ತೊಡಕು ಎದುರಾಯಿತು. ಸಿಎಸ್‌ಆರ್ ಹಣವನ್ನು ಸಂಘದ ಖಾತೆಗೆ ಪಡೆಯಬೇಕಾದರೆ ಸಂಘಕ್ಕೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿಗಳೂ, 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಇಂಥ ಹಣ ಪಡೆಯುವ ಸಂಸ್ಥೆಗಳು ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿಯೂ ಬೇಕಿದ್ದವು. ನಮ್ಮಲ್ಲಿ ಇದ್ದದ್ದು ಸಂಘಗಳ ನೋಂದಣಿ ಪತ್ರ ಮಾತ್ರ. ಹೊಸದಾಗಿ ಮಾಡಿಸುವ ಬದಲು, ಕಂಪನಿಯೇ ನೇರವಾಗಿ ಶಿಲ್ಪಿಗೆ ಹಣ ಕೊಟ್ಟು, ಆಸ್ತಿ ಉದ್ಯಾನದ ಆಡಳಿತದ ಹೆಸರಿನಲ್ಲಿ ಇರುವಂತೆ ಮೂವರ ನಡುವೆ ಕರಾರು ಮಾಡಿಸಿದೆವು. ಕರಾರಿನಲ್ಲಿ ಕಂತುಗಳ ವಿವರದ ಜೊತೆಗೆ ಒಂದು ಕಲಮನ್ನು ಒತ್ತಾಯದಿಂದ ಸೇರಿಸಿದೆವು: ಶಿಲ್ಪವನ್ನು ಸರಿಸುವ, ಬಣ್ಣ ಬಳಿಯುವ, ಬದಲಿಸುವ ಮೊದಲು ಶಿಲ್ಪಿಗೆ ಬರಹದ ಸೂಚನೆ ಕೊಡಬೇಕು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದಾಗ ಅದು ಹಾಳಾಗಿತ್ತು. ಕೃತಿ ವಿರೂಪವಾದರೆ ಪ್ರಶ್ನಿಸುವ ಹಕ್ಕನ್ನು ಕರ್ತೃವಿಗೆ ಕೊಡುವ ಕೃತಿಸ್ವಾಮ್ಯ ಅಧಿನಿಯಮ, 1957ರ 57ನೆಯ ಕಲಮಿನ ಆಧಾರದ ಮೇಲೆ ದೆಹಲಿ ಹೈಕೋರ್ಟ್ 2005ರಲ್ಲಿ ಐದು ಲಕ್ಷ ರೂಪಾಯಿ ಪರಿಹಾರ ಮತ್ತು ಉಳಿದ ಭಾಗಗಳನ್ನು ಮರಳಿಸುವಂತೆ ತೀರ್ಪು ಕೊಟ್ಟಿತು. ವಕೀಲರು ಈ ಪ್ರಕರಣ ತೋರಿಸಿದ ಮೇಲೆ ಯಾರೂ ತಕರಾರು ಮಾಡಲಿಲ್ಲ.

ಯಾವ ಕಲ್ಲು ಎಂಬುದನ್ನು ನಿರ್ಧರಿಸಿದ್ದು ನಮ್ಮೂರ ಹೋಳಿ. ಹಲವು ದಿನ ನಡೆಯುವ ಬಣ್ಣದಾಟಕ್ಕೆ ಹೆಸರಾದ ಊರಿನಲ್ಲಿ ಉದ್ಯಾನದ ಕಲ್ಲಿಗೆ ಬಣ್ಣ ತಾಗದೆ ಇರದು. ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು ಒರಟಾಗಿ ಬಿಟ್ಟದ್ದು, ಅದೇ ಗ್ರಾನೈಟು ಹೊಳಪು ಕೊಟ್ಟದ್ದು, ಹೀಗೆ ಮೂರು ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ಇಟ್ಟು, ಪೇಟೆಯಲ್ಲಿ ಸಿಗುವ ಗುಲಾಬಿ ಮತ್ತು ಹಸಿರು ಬಣ್ಣವನ್ನು ನೀರಲ್ಲಿ ಕಲಸಿ ಮಕ್ಕಳ ಕೈಯಿಂದಲೇ ಸುರಿಸಿದೆವು. ಬಿಸಿಲಲ್ಲಿ ಒಣಗಿಸಿ, ಅಂಟವಾಳದ ನೀರಿನಲ್ಲಿ ತಿಕ್ಕಿದಾಗ ಮರಳುಗಲ್ಲು ಗುಲಾಬಿಯನ್ನು ಒಳಗೆ ಎಳೆದುಕೊಂಡಿತ್ತು. ಎಷ್ಟು ತಿಕ್ಕಿದರೂ ಬಿಡಲಿಲ್ಲ. ಒರಟು ಗ್ರಾನೈಟಿನ ಗುಣಿಗಳಲ್ಲಿ ಹಸಿರು ಉಳಿದಿತ್ತು. ಹೊಳಪಿನದು ಕನ್ನಡಿಯಂತೆ ಸ್ವಚ್ಛವಾಯಿತು, ಆದರೆ ಮಧ್ಯಾಹ್ನ ಅದರ ಮೇಲೆ ಅಂಗೈ ಇಡಲಾಗಲಿಲ್ಲ, ನೀರು ಬಿದ್ದರೆ ಕಾಲು ಜಾರುತ್ತಿತ್ತು. ಹಾಗಾಗಿ ಕಟ್ಟೆಗೆ ಮತ್ತು ಕೈಗೆಟುಕುವ ಭಾಗಕ್ಕೆ ಹೊಳಪಿಲ್ಲದ ನುಣುಪು ಗ್ರಾನೈಟು, ತಲೆಯ ಮೇಲಿನ ಅಡ್ಡಗಲ್ಲುಗಳಿಗೆ ಮಾತ್ರ ಮರಳುಗಲ್ಲು ಎಂದು ಶಿಲ್ಪಿ ತೀರ್ಮಾನಿಸಿದರು, ಕೂಡುವ ಭಾಗ ಬೇವಿನ ನೆರಳಿಗೆ ಬರುವಂತೆ ಇಡೀ ರಚನೆಯನ್ನು ಸ್ವಲ್ಪ ತಿರುಗಿಸಿದರು.

ಖರ್ಚು ಅಂದಾಜನ್ನು ಮೀರಿದ್ದು ಬುನಾದಿಯಲ್ಲಿ. ಅಗೆದಾಗ ಫರಸಿಯ ಕೆಳಗೆ ಎರಿ ಮಣ್ಣು ಸಿಕ್ಕಿತು. ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವ ಆ ಮಣ್ಣಿನ ಮೇಲೆ ಟನ್ನುಗಟ್ಟಲೆ ಕಲ್ಲು ನಿಲ್ಲಿಸಿದರೆ ಚೌಕಟ್ಟು ವಾಲುವುದು ಖಂಡಿತ. ಎರಿಯನ್ನೆಲ್ಲ ತೆಗೆದು ಗಟ್ಟಿ ನೆಲ ಹತ್ತುವವರೆಗೆ ಇಳಿದು, ಗರಸು ತುಂಬಿ, ಕಾಂಕ್ರೀಟು ಹಾಕಬೇಕಾಯಿತು. ಒಂದು ಲಕ್ಷ ಎಂದುಕೊಂಡಿದ್ದು ಎರಡು ಲಕ್ಷದ ಹತ್ತಿರ ಹೋಯಿತು. ಒಟ್ಟು ಖರ್ಚು ಒಂಬತ್ತೂವರೆ ಲಕ್ಷದಷ್ಟಾಯಿತು. ಅಂದಾಜು ಪಟ್ಟಿ ಮಾಡುವ ಮೊದಲೇ ಒಂದು ಗುಂಡಿ ತೋಡಿಸಿ ಮಣ್ಣು ನೋಡಿ. ಜಿಎಸ್‌ಟಿ, ಕ್ರೇನಿನ ಬಾಡಿಗೆ, ಸಾಗಣೆ ಸೇರಿವೆಯೇ ಎಂದು ಬರಹದಲ್ಲಿ ಕೇಳಿ.

ಕೊನೆಯ ಜಗ್ಗಾಟ ನಾಮಫಲಕದ್ದು. ಯಾರ ಯಾರ ಹೆಸರು, ಯಾವ ಗಾತ್ರದಲ್ಲಿ ಎಂಬುದು ಒಂದು ತಿಂಗಳು ಎಳೆಯಿತು. ಶಿಲ್ಪಿಯ ಹೆಸರಿಗೆ ಜಾಗ ಉಳಿಯದ ಸ್ಥಿತಿ ಬಂದಾಗ, ಇತಿಹಾಸ ಕಲಿಸುವ ನಮ್ಮ ಸೆಕ್ಟರಿನ ಉಪನ್ಯಾಸಕರೊಬ್ಬರು ಪಟ್ಟದಕಲ್ಲಿನ ಮಾತು ತೆಗೆದರು. ಅಲ್ಲಿ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ, ಅನಿವಾರಿತಾಚಾರಿ ಎಂಬ ಬಿರುದು ಪಡೆದ ಶಿಲ್ಪಿ ಗುಂಡನ ಹೆಸರೂ ಸರ್ವಸಿದ್ಧಿ ಆಚಾರಿಯ ಹೆಸರೂ ಇಂದಿಗೂ ಓದಲು ಸಿಗುತ್ತವೆ. ಆ ಜಿಲ್ಲೆಯವರಾದ ನಾವು ಶಿಲ್ಪಿಯ ಹೆಸರನ್ನು ಬಿಡಲಾಗದು ಎಂದು ಅವರು ಹೇಳಿದ್ದನ್ನು ಕಂಪನಿಯವರೂ ಮನಸಾರೆ ಒಪ್ಪಿದರು. ಫಲಕದಲ್ಲಿ ಶಿಲ್ಪಿ ಮತ್ತು ಅವರ ಇಬ್ಬರು ಸಹಾಯಕರ ಹೆಸರು ಮೊದಲು, ದಾನಿಯ ಹೆಸರು ಅದೇ ಗಾತ್ರದಲ್ಲಿ ಅದರ ಕೆಳಗೆ ಇದೆ.

ಈ ಹೋಳಿಯಲ್ಲಿ ಶಿಲ್ಪಕ್ಕೆ ತಾಡಪತ್ರಿ ಮುಚ್ಚಬೇಕೆ ಎಂದು ಕೇಳಿದಾಗ ಬೇಡವೆಂದೇ ಹೆಚ್ಚಿನವರು ಹೇಳಿದರು. ಬಣ್ಣವೂ ಬಿತ್ತು. ಗ್ರಾನೈಟಿನದು ತೊಳೆದ ಕೂಡಲೇ ಹೋಯಿತು. ಯಾರೋ ಪಿಚಕಾರಿಯಿಂದ ಮೇಲಕ್ಕೆ ಹಾರಿಸಿದ್ದು ವೆಂಕಟಪೇಟೆಯ ಅಡ್ಡಗಲ್ಲಿನ ಅಕ್ಷರಗಳ ಸಂದಿನಲ್ಲಿ ಉಳಿದಿದೆ. ಗಾರೆಯವರು ಆ್ಯಸಿಡ್ ಹಾಕಿ ತೊಳೆಯೋಣವೆಂದರು, ಶಿಲ್ಪಿ ಫೋನಿನಲ್ಲಿಯೇ ತಡೆದರು: ಕಲ್ಲಿಗೆ ಆ್ಯಸಿಡ್ ಬೇಡ, ತಂತಿಯ ಬ್ರಷ್ಷೂ ಬೇಡ, ಮೆತ್ತನೆಯ ಬ್ರಷ್ಷು ಮತ್ತು ನೀರು ಸಾಕು. ಬ್ರಷ್ಷು, ಏಣಿಯ ಬಾಡಿಗೆ, ಮಾಲಿಯ ಹೆಚ್ಚುವರಿ ಕೂಲಿ ನಿರ್ವಹಣೆ ವಹಿಯ ಮೊದಲ ಪುಟದಲ್ಲಿ ದಾಖಲಾಗಿವೆ. ಈ ಖರ್ಚು ಪ್ರತಿ ವರ್ಷ ಬರುವುದರಿಂದ, ಅದನ್ನು ಯಾರು ಕೊಡಬೇಕು ಎಂಬುದು ನಮ್ಮ ಕರಾರಿನಲ್ಲಿ ಮೊದಲ ಮೂರು ವರ್ಷಕ್ಕೆ ಕಂಪನಿ, ಆಮೇಲೆ ಉದ್ಯಾನದ ಆಡಳಿತ ಎಂದು ಬರೆದಿದೆ. ನಿಮ್ಮ ಕರಾರಿನಲ್ಲಿಯೂ ಸಹಿ ಆಗುವ ಮೊದಲೇ ಬರೆಯಿಸಿಕೊಳ್ಳಿ.